ಎಲಿಯಟ್ಟನ 'ದಿ ಕಾಕ್‌ಟೇಲ್ ಪಾರ್ಟಿ'ಯಲ್ಲಿ ಆತ್ಮಾರ್ಪಣೆಯ ಪ್ರಶ್ನೆ

ಕ್ರೈಸ್ತ ಸುವಾರ್ತೆಗಳಲ್ಲಿ, ಶಿಷ್ಯನಾಗಬಯಸುವವನು ತನ್ನನ್ನು ನಿರಾಕರಿಸಿಕೊಂಡು ಶಿಲುಬೆಯನ್ನು ಹೊತ್ತು ಗುರುವಿನ ಹಿಂದೆ ನಡೆಯಬೇಕೆಂಬ ವಿಧಿಯೊಂದುಂಟು. ಮತ್ತಾಯ, ಮಾರ್ಕ, ಲೂಕ ಮೂವರೂ ಅದನ್ನು ದಾಖಲಿಸಿದ್ದಾರೆ. ಮೂವರ ಮಾತೂ ಹೆಚ್ಚು ಕಡಮೆ ಒಂದೇ. ಆದರೆ ಲೂಕನ ಒಂಬತ್ತನೆಯ ಅಧ್ಯಾಯದಲ್ಲಿ ಮಾತ್ರ 'ದಿನದಿನವೂ' ಎಂಬರ್ಥದ ಪದವೊಂದು ಅಧಿಕವಾಗಿ ಬಂದಿದೆ. ಈ ಒಂದು ಪದದಿಂದ ವಿಧಿಯ ಸ್ವರೂಪವೇ ಬದಲಾಗುತ್ತದೆ. ಶಿಲುಬೆಯೆಂಬುದು ರೋಮನ್ ಪ್ರಭುತ್ವದಲ್ಲಿ ಮರಣದಂಡನೆಯ ಸಾಧನ. ಅದನ್ನು ಹೊತ್ತವನು ಅದರ ಮೇಲೆ ಒಮ್ಮೆ ಸಾಯುತ್ತಾನೆ, ದಿನವೂ ಸಾಯಲಾರ. 'ದಿನದಿನವೂ' ಎಂದೊಡನೆ ಅದು ರೂಪಕವಾಗಿ, ಮನೆವಾರ್ತೆ, ಕಚೇರಿ, ನೆರೆಹೊರೆಗಳ ನಡುವೆ ಹೊರಬೇಕಾದ ಭಾರವಾಗುತ್ತದೆ. ಒಮ್ಮೆಗೇ ಪ್ರಾಣವನ್ನೊಪ್ಪಿಸುವ ಅರ್ಪಣೆ ಒಂದು. ಬಾಳಿನ ಉದ್ದಕ್ಕೂ ಚೂರುಚೂರಾಗಿ ತನ್ನನ್ನು ಕೊಟ್ಟುಕೊಳ್ಳುವ ಅರ್ಪಣೆ ಇನ್ನೊಂದು. ಇವೆರಡಕ್ಕೂ ಇರುವ ಸಂಬಂಧವೇನು, ಇವು ಸಮಾನವೇ, ಎಂಬ ಪ್ರಶ್ನೆಯನ್ನು ಆಧುನಿಕ ನಗರಜೀವನದ ನಟ್ಟನಡುವೆ ಇಟ್ಟು ಕೇಳಿದ ನಾಟಕ ಟಿ. ಎಸ್. ಎಲಿಯಟ್ಟನ 'ದಿ ಕಾಕ್‌ಟೇಲ್ ಪಾರ್ಟಿ'. ಆ ಪ್ರಶ್ನೆಗೆ ನಾಟಕವು ಪಾತ್ರಗಳ ಬಾಯಿಂದ ಆಡಿಸುವ ಉತ್ತರವೂ ತನ್ನ ರಚನೆಯ ಮೂಲಕ ಕೊಡುವ ಉತ್ತರವೂ ಒಂದೇ ಆಗಿಲ್ಲವೆಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ನಾಟಕ ಮೊದಲು ಪ್ರಯೋಗಗೊಂಡದ್ದು 1949ರ ಆಗಸ್ಟಿನಲ್ಲಿ, ಎಡಿನ್‌ಬರೋ ಉತ್ಸವದಲ್ಲಿ, ಇ. ಮಾರ್ಟಿನ್ ಬ್ರೌನನ ನಿರ್ದೇಶನದಲ್ಲಿ. ಮರುವರ್ಷ ನ್ಯೂಯಾರ್ಕ್ ಮತ್ತು ಲಂಡನ್ ನಗರಗಳ ವೃತ್ತಿರಂಗಭೂಮಿಯನ್ನು ಅದು ಏರಿತು. ನ್ಯೂಯಾರ್ಕಿನಲ್ಲಿ ನಾನೂರಕ್ಕೂ ಮಿಕ್ಕಿ ಪ್ರದರ್ಶನಗಳನ್ನು ಕಂಡಿತು. ಪದ್ಯನಾಟಕವೊಂದಕ್ಕೆ, ಅದರಲ್ಲಿಯೂ ಧರ್ಮವನ್ನು ವಸ್ತುವಾಗಿ ಉಳ್ಳ ಪದ್ಯನಾಟಕಕ್ಕೆ, ಇಂತಹ ಜನಾದರ ದೊರೆತದ್ದು ಅಂದಿಗೆ ಅಚ್ಚರಿಯೇ. ಅದಕ್ಕೆ ಹಿಂದಿನ ವರ್ಷ, 1948ರಲ್ಲಿ, ಕವಿಗೆ ನೊಬೆಲ್ ಬಹುಮಾನ ಬಂದಿತ್ತು. ಅದೂ ಒಂದು ಕಾರಣವಿರಬಹುದು. ಆದರೆ ಮುಖ್ಯವಾದ ಕಾರಣ ಬೇರೆ. 1935ರಲ್ಲಿ ಕ್ಯಾಂಟರ್‌ಬರಿಯ ಇಗರ್ಜಿಯ ಆವರಣದಲ್ಲಿ ಪ್ರಯೋಗವಾದ 'ಮರ್ಡರ್ ಇನ್ ದಿ ಕೆಥೀಡ್ರಲ್' ಹನ್ನೆರಡನೆಯ ಶತಮಾನದ ಹುತಾತ್ಮನೊಬ್ಬನನ್ನು ಕುರಿತದ್ದು. ನೋಡುವವರು ಭಕ್ತರು, ನೋಡುವ ಸ್ಥಳ ಪವಿತ್ರ. ಅಲ್ಲಿ ಧರ್ಮದ ಭಾಷೆಗೆ ಅಡ್ಡಿಯಿಲ್ಲ. ಆದರೆ ಸಂಜೆಯ ಹೊತ್ತು ಟಿಕೆಟು ಕೊಂಡು ಮನರಂಜನೆಗೆಂದು ಬರುವ, ಧರ್ಮದಲ್ಲಿ ವಿಶ್ವಾಸವಿರಲೇಬೇಕೆಂಬ ನಿಯಮವಿಲ್ಲದ ಪ್ರೇಕ್ಷಕನಿಗೆ ಆತ್ಮಾರ್ಪಣೆಯ ಮಾತನ್ನು ಹೇಳುವುದು ಹೇಗೆ? 1927ರಲ್ಲಿ ಆಂಗ್ಲಿಕನ್ ಪಂಥವನ್ನು ಸ್ವೀಕರಿಸಿದ ಎಲಿಯಟ್ಟನಿಗೆ ಇದು ಬರಿಯ ತಂತ್ರದ ಸಮಸ್ಯೆಯಾಗಿರಲಿಲ್ಲ. ಆದುದರಿಂದಲೇ ಅವನು ಇಗರ್ಜಿಯನ್ನು ಬಿಟ್ಟು ದಿವಾನಖಾನೆಗೆ ಬಂದ. ಪಾದ್ರಿಯ ಸ್ಥಾನದಲ್ಲಿ ಮನೋವೈದ್ಯನನ್ನು ಕೂರಿಸಿದ. ಛಂದಸ್ಸನ್ನು ಕೂಡ ಎಷ್ಟು ಸಡಿಲಿಸಿದನೆಂದರೆ, ಸಾಲಿಗೆ ಮೂರು ಒತ್ತು, ನಡುವೆ ಒಂದು ಯತಿ ಎಂಬ ಕಟ್ಟಳೆ ಇದ್ದರೂ ಕೇಳುವವನಿಗೆ ಅದು ಗದ್ಯದಂತೆಯೇ ಕೇಳುತ್ತದೆ.

ಕಥಾವಸ್ತುವನ್ನು ಇಲ್ಲಿ ಚಿಕ್ಕದಾಗಿ ಹೇಳಬೇಕು. ಎಡ್ವರ್ಡ್ ಚೇಂಬರ್ಲೇನ್ ಲಂಡನ್ನಿನ ಒಬ್ಬ ವಕೀಲ. ಅತಿಥಿಗಳನ್ನು ಕರೆದ ದಿನವೇ ಅವನ ಹೆಂಡತಿ ಲವಿನಿಯ ಮನೆ ಬಿಟ್ಟು ಹೋಗಿದ್ದಾಳೆ. ಎಲ್ಲರಿಗೂ ಬರಬೇಡಿರೆಂದು ತಿಳಿಸಲು ಅವನಿಂದಾಗಿಲ್ಲ; ಬಂದವರಿಗೆ ಸುಳ್ಳು ಹೇಳುತ್ತಾನೆ. ಬಂದವರಲ್ಲಿ ಸೀಲಿಯ ಕೊಪಲ್‌ಸ್ಟೋನ್ ಎಂಬ ತರುಣಿ ಇದ್ದಾಳೆ. ಅವಳಿಗೂ ಎಡ್ವರ್ಡನಿಗೂ ಗುಪ್ತ ಪ್ರಣಯ. ಪೀಟರ್ ಕ್ವಿಲ್ಪ್ ಎಂಬ ಯುವಕ ಸೀಲಿಯಳನ್ನು ಪ್ರೀತಿಸುತ್ತಾನೆ. ಲವಿನಿಯಳೋ ಈ ಪೀಟರನನ್ನು ಮೆಚ್ಚಿದವಳು. ಅಪರಿಚಿತ ಅತಿಥಿಯೊಬ್ಬ ಜಿನ್ ಕುಡಿಯುತ್ತ ಕುಳಿತು, ಇಪ್ಪತ್ತನಾಲ್ಕು ಗಂಟೆಯೊಳಗೆ ನಿನ್ನ ಹೆಂಡತಿಯನ್ನು ತಂದುಕೊಡುತ್ತೇನೆಂದು ಎಡ್ವರ್ಡನಿಗೆ ಮಾತು ಕೊಡುತ್ತಾನೆ; ಅಂತೆಯೇ ಆಗುತ್ತದೆ. ಎರಡನೆಯ ಅಂಕದಲ್ಲಿ ಆ ಅಪರಿಚಿತನೇ ಸರ್ ಹೆನ್ರಿ ಹಾರ್ಕೋರ್ಟ್ ರೈಲಿ ಎಂಬ ಮನೋವೈದ್ಯನೆಂದು ಗೊತ್ತಾಗುತ್ತದೆ. ವಾಚಾಳಿ ಮುದುಕಿ ಜೂಲಿಯ, ದೇಶ ಸುತ್ತುವ ಅಲೆಕ್ಸ್ ಇವರಿಬ್ಬರೂ ಅವನ ಸಹಕಾರಿಗಳು. ಈ ಮೂವರು ಒಂದು ಬಗೆಯ ರಕ್ಷಕಮಂಡಲಿ. ರೈಲಿ ಗಂಡಹೆಂಡಿರನ್ನು ಅವರ ಸಂಸಾರಕ್ಕೆ ಹಿಂದಿರುಗಿಸುತ್ತಾನೆ. ಸೀಲಿಯಳನ್ನು ಬೇರೊಂದು ದಾರಿಗೆ ಕಳುಹಿಸುತ್ತಾನೆ. ಎರಡು ವರ್ಷಗಳ ಅನಂತರ, ಅದೇ ದಿವಾನಖಾನೆಯಲ್ಲಿ ಇನ್ನೊಂದು ಪಾನಗೋಷ್ಠಿಯ ಸಿದ್ಧತೆ ನಡೆದಿರುವಾಗ, ದಾದಿಯರ ಸಂಘವೊಂದಕ್ಕೆ ಸೇರಿ ಕಿಂಕಂಜ ಎಂಬ ದ್ವೀಪಕ್ಕೆ ಹೋಗಿದ್ದ ಸೀಲಿಯಳನ್ನು ಅಲ್ಲಿಯ ಜನ ಹುತ್ತದ ಬಳಿ ಶಿಲುಬೆಗೇರಿಸಿ ಕೊಂದರೆಂಬ ವಾರ್ತೆ ಬರುತ್ತದೆ.

ಈ ಕಥೆಗೆ ಮೂಲ ಕ್ರಿ. ಪೂ. 438ರಲ್ಲಿ ಪ್ರಯೋಗವಾದ ಯುರಿಪಿಡೀಸನ 'ಆಲ್ಕೆಸ್ಟಿಸ್'. ಯಾರೂ ಇದನ್ನು ಗುರುತಿಸಲಿಲ್ಲವೆಂದೂ ತಾನೇ ಹೇಳಬೇಕಾಯಿತೆಂದೂ ಎಲಿಯಟ್ 'ಪೊಯೆಟ್ರಿ ಅಂಡ್ ಡ್ರಾಮ' ಎಂಬ ಉಪನ್ಯಾಸದಲ್ಲಿ ತುಸು ಹೆಮ್ಮೆಯಿಂದಲೇ ಬರೆದುಕೊಂಡಿದ್ದಾನೆ. ಗ್ರೀಕ್ ನಾಟಕದಲ್ಲಿ ರಾಜ ಅಡ್ಮೀಟಸನಿಗೆ ಬರಬೇಕಾದ ಮೃತ್ಯುವನ್ನು ರಾಣಿ ಆಲ್ಕೆಸ್ಟಿಸ್ ತಾನೇ ಸ್ವೀಕರಿಸುತ್ತಾಳೆ. ಅತಿಥಿಯಾಗಿ ಬಂದು ಕುಡಿದು ಗದ್ದಲವೆಬ್ಬಿಸಿದ ಹೆರಾಕ್ಲೀಸ್ ಮೃತ್ಯುವಿನೊಡನೆ ಹೋರಾಡಿ ಅವಳನ್ನು ಮರಳಿ ತರುತ್ತಾನೆ. ರೈಲಿಯ ಜಿನ್ನಿಗೂ ಅವನ ಹಾಡಿಗೂ ಇದೇ ಮೂಲ. ಇಷ್ಟನ್ನು ಎಲ್ಲ ಟೀಕಾಕಾರರೂ ಹೇಳುತ್ತಾರೆ. ಆದರೆ ಗಮನಿಸಬೇಕಾದ ಅಂಶ ಬೇರೊಂದಿದೆ. ಯುರಿಪಿಡೀಸನಲ್ಲಿ ಸಾಯುವವಳೂ ಹಿಂದಿರುಗುವವಳೂ ಒಬ್ಬಳೇ. ಎಲಿಯಟ್ಟನಲ್ಲಿ ಆ ಒಬ್ಬಳು ಇಬ್ಬರಾಗಿದ್ದಾಳೆ: ಹಿಂದಿರುಗುವವಳು ಲವಿನಿಯ, ಸಾಯುವವಳು ಸೀಲಿಯ. ಹೀಗೆ ಸೀಳಿದ್ದರಿಂದ ಒಂದು ತೊಡಕು ಹುಟ್ಟಿತು. ಆಲ್ಕೆಸ್ಟಿಸಳ ಸಾವು ಯಾರಿಗಾಗಿ ಎಂಬುದರಲ್ಲಿ ಸಂಶಯವಿಲ್ಲ. ನಮ್ಮ ಶಾಸನಗಳಲ್ಲಿ ಬರುವ ವೇಳೆವಾಳಿಯ ವೀರರೂ ಗರುಡರೂ ಯಾರಿಗಾಗಿ ಪ್ರಾಣಕೊಟ್ಟರೆಂಬುದು ಕಲ್ಲಿನ ಮೇಲೆಯೇ ಇದೆ. ಸೀಲಿಯಳ ಸಾವು ಯಾರಿಗಾಗಿ? ಪ್ಲೇಗಿನಿಂದ ಸಾಯುತ್ತಿದ್ದ ಹಳ್ಳಿಗರಿಗಾಗಿಯೆ? ಅವರು ಅವಳಿದ್ದರೂ ಸಾಯುವವರೇ. ಚೇಂಬರ್ಲೇನ್ ದಂಪತಿಗಳಿಗಾಗಿಯೆ? ಅವರಿಗೆ ಅದರ ಸುದ್ದಿ ತಿಳಿಯುವುದು ಅವರ ಸಂಸಾರ ನೆಟ್ಟಗಾದ ಮೇಲೆ. ಈ ಪ್ರಶ್ನೆಗೆ ನಾಟಕ ನೇರವಾಗಿ ಉತ್ತರ ಕೊಡುವುದಿಲ್ಲ. ಕೊಡದಿರುವುದು ದೋಷವೋ ಗುಣವೋ ಎಂಬುದನ್ನು ಮುಂದೆ ನೋಡೋಣ.

ನಾಟಕದ ಜೀವ ಎರಡನೆಯ ಅಂಕದಲ್ಲಿ, ವೈದ್ಯನ ಕೋಣೆಯಲ್ಲಿ ಇದೆ. ಮೊದಲು ಗಂಡಹೆಂಡಿರ ವಿಚಾರಣೆ. ಎಡ್ವರ್ಡ್ ಯಾರನ್ನೂ ಪ್ರೀತಿಸಲಾರದವನು; ಲವಿನಿಯ ಯಾರಿಂದಲೂ ಪ್ರೀತಿಸಲ್ಪಡಲಾರದವಳು; ಇವರಿಬ್ಬರನ್ನೂ ಕಟ್ಟಿಹಾಕಲು ಇದಕ್ಕಿಂತ ಗಟ್ಟಿಯಾದ ಬಂಧವೇನಿದೆ ಎನ್ನುತ್ತಾನೆ ರೈಲಿ. ಇದು ಕ್ರೂರವಾದ ಮಾತು, ಆದರೆ ವೈದ್ಯನ ಕ್ರೌರ್ಯ. ಎಡ್ವರ್ಡ್ ತನ್ನನ್ನು ವಿಶ್ರಾಂತಿಧಾಮಕ್ಕೆ ಕಳುಹಿಸಬೇಕೆಂದು ಬೇಡುತ್ತಾನೆ, ರೈಲಿ ಒಪ್ಪುವುದಿಲ್ಲ. ಅಲ್ಲಿಗೆ ಹೋಗಲು ನೀನು ತಕ್ಕವನಲ್ಲ, ಹೋದರೆ ನಿನ್ನ ನೆರಳುಗಳೇ ನಿನ್ನನ್ನು ತಿಂದುಹಾಕುವುವು ಎಂಬುದು ಅವನ ಮಾತಿನ ತಾತ್ಪರ್ಯ. ಸೀಲಿಯಳಾದರೋ ಸಂಕೋಚದಿಂದ ಬರುತ್ತಾಳೆ. ತನಗೆ ಹೇಳಿಕೊಳ್ಳುವಂತಹ ರೋಗವಿಲ್ಲ, ಸುಮ್ಮನೆ ವೈದ್ಯನ ಹೊತ್ತು ಕೆಡಿಸುತ್ತಿರುವೆನೇನೋ ಎಂಬ ಅಳುಕು ಅವಳಿಗೆ. ಅವಳು ಎರಡು ಲಕ್ಷಣಗಳನ್ನು ಹೇಳುತ್ತಾಳೆ. ಒಂದು, ತಾನು ಒಂಟಿಯೆಂಬ ಅರಿವು. ಈಗ ಒಂಟಿಯಾದೆನೆಂದಲ್ಲ, ಎಲ್ಲರೂ ಎಂದೆಂದಿಗೂ ಒಂಟಿಗಳೇ ಎಂಬ ಅರಿವು. ಇನ್ನೊಂದು, ಪಾಪದ ಅರಿವು.

ಇಲ್ಲಿ ನಮ್ಮ ವಿದ್ಯಾರ್ಥಿಗಳು ಎಡವುತ್ತಾರೆ. ಸೀಲಿಯ ಪರರ ಗಂಡನೊಡನೆ ಸಂಬಂಧವಿಟ್ಟುಕೊಂಡವಳು. ಆದ್ದರಿಂದ ಪಾಪಪ್ರಜ್ಞೆ ಸಹಜ ಎಂದು ಅವರು ಉತ್ತರಪತ್ರಿಕೆಗಳಲ್ಲಿ ಬರೆಯುತ್ತಾರೆ. ಅವಳು ಸ್ಪಷ್ಟವಾಗಿ ನಿರಾಕರಿಸುವುದು ಇದನ್ನೇ. ಅವಳ ಮನೆತನದಲ್ಲಿ ಪಾಪವೆಂಬ ಮಾತಿಗೆ ಬೆಲೆಯಿರಲಿಲ್ಲ. ತಪ್ಪುನಡತೆಯೆಂದರೆ ಒಂದೋ ಸಭ್ಯತೆಯ ಕೊರತೆ, ಇಲ್ಲವೇ ಮನಸ್ಸಿನ ವಿಕಾರ. ತಾನು ಮಾಡಿದ ಯಾವ ಕೃತ್ಯವೂ ತನ್ನನ್ನು ಕಾಡುತ್ತಿಲ್ಲ. ತನ್ನ ಹೊರಗಿರುವ ಯಾರಿಗೋ ಯಾವುದಕ್ಕೋ ಸಲ್ಲಿಸಬೇಕಾದುದನ್ನು ಸಲ್ಲಿಸದೆ ಹೋದೆನೆಂಬ ಒಂದು ಬರಿದುತನ ಕಾಡುತ್ತಿದೆ, ಅದಕ್ಕೆ ಪ್ರಾಯಶ್ಚಿತ್ತವಾಗಬೇಕು ಎನ್ನುತ್ತಾಳೆ. ಕನ್ನಡದ 'ಪಾಪ' ಶಬ್ದ ಮುಖ್ಯವಾಗಿ ಕರ್ಮವನ್ನು ಹಿಡಿದದ್ದು. ಮಾಡಿದ ಪಾಪ, ಕೂಡಿಟ್ಟ ಪಾಪ, ತೊಳೆದುಕೊಂಡ ಪಾಪ. ಮಾಡದೆಯೂ ಇರುವ, ಇರವಿನಲ್ಲಿಯೇ ಸೇರಿಕೊಂಡ ಕೊರತೆಯನ್ನು ಅದು ಸುಲಭವಾಗಿ ಸೂಚಿಸದು. 'ಪ್ರಾಯಶ್ಚಿತ್ತ'ಕ್ಕೂ ಇದೇ ಕಷ್ಟ. ಅದು ಧರ್ಮಶಾಸ್ತ್ರದಲ್ಲಿ ಇಂತಿಂತಹ ತಪ್ಪಿಗೆ ಇಂತಿಂತಹ ವಿಧಿ ಎಂದು ಗೊತ್ತಾದದ್ದು. ಸೀಲಿಯ ಕೇಳುತ್ತಿರುವ ಪ್ರಾಯಶ್ಚಿತ್ತಕ್ಕೆ ಗೊತ್ತಾದ ವಿಧಿಯಿಲ್ಲ. ನಮ್ಮಲ್ಲಿ ಇದಕ್ಕೆ ಹತ್ತಿರವಾದದ್ದು 'ಋಣ' ಎಂಬ ಭಾವನೆ ಎಂದು ಈ ಲೇಖಕನಿಗೆ ತೋರುತ್ತದೆ. ಹುಟ್ಟಿದೊಡನೆಯೇ ಮನುಷ್ಯನ ಮೇಲೆ ಬೀಳುವ, ತಾನು ಮಾಡದ ಸಾಲ. ಪೂರ್ತಿ ಒಪ್ಪುವ ಹೋಲಿಕೆಯಲ್ಲ. ಆದರೂ ತರಗತಿಯಲ್ಲಿ 'ಪಾಪ'ಕ್ಕಿಂತ ಇದು ಹೆಚ್ಚು ದಾರಿ ತೋರಿಸುತ್ತದೆ.

ರೈಲಿ ಅವಳ ಮುಂದೆ ಎರಡು ದಾರಿಗಳನ್ನಿಡುತ್ತಾನೆ. ಒಂದು, ಮನುಷ್ಯನ ಸಾಮಾನ್ಯ ಸ್ಥಿತಿಯೊಡನೆ ರಾಜಿಯಾಗಿ, ಹೆಚ್ಚಿನದನ್ನು ಬಯಸದೆ, ಒಬ್ಬರನ್ನೊಬ್ಬರು ಸಹಿಸಿಕೊಂಡು, ಮಕ್ಕಳನ್ನು ಬೆಳೆಸಿಕೊಂಡು ಬಾಳುವುದು. ಇನ್ನೊಂದು, ವರ್ಣಿಸಲಾಗದ್ದು; ಎಲ್ಲಿಗೆ ಮುಟ್ಟಿಸುವುದೆಂದು ತಿಳಿಯದ್ದು; ನಂಬಿಕೆಯೊಂದನ್ನೇ ಕೈಹಿಡಿದು ನಡೆಯಬೇಕಾದದ್ದು. ಯಾವುದೂ ಇನ್ನೊಂದಕ್ಕಿಂತ ಮೇಲಲ್ಲ, ಎರಡೂ ಬೇಕಾದವು, ಆದರೆ ಆರಿಸಿಕೊಳ್ಳಲೇಬೇಕು ಎಂದು ಅವನು ಹೇಳುತ್ತಾನೆ. ಸೀಲಿಯ ಎರಡನೆಯದನ್ನು ಆರಿಸಿಕೊಳ್ಳುತ್ತಾಳೆ. ಹೊರಡುವಾಗ ವೈದ್ಯನಿಗೆ ಕೊಡಬೇಕಾದ ಹಣವೆಷ್ಟೆಂದು ಕೇಳುತ್ತಾಳೆ. ಇಂತಹ ರೋಗಿಗೆ ಶುಲ್ಕವಿಲ್ಲವೆಂದು ಅವನ ಉತ್ತರ. ಇಡೀ ನಾಟಕದಲ್ಲಿ ಇದಕ್ಕಿಂತ ಧ್ವನಿಪೂರ್ಣವಾದ ಇನ್ನೊಂದು ಸಂದರ್ಭವನ್ನು ನಾನು ಕಾಣೆ. ಎಲ್ಲಕ್ಕೂ ಬೆಲೆಯಿರುವ ನಗರದಲ್ಲಿ, ಗಂಟೆಗಿಷ್ಟೆಂದು ಹಣ ಪಡೆಯುವ ಒಬ್ಬ ವೃತ್ತಿಯವನ ಕೋಣೆಯಲ್ಲಿ, ಹಣ ಬೇಡವೆಂಬ ಒಂದು ಸಣ್ಣ ಮಾತಿನಿಂದ ಅವಳು ಕೊಡಲಿರುವ ಬೆಲೆ ಎಷ್ಟೆಂಬುದು ತಿಳಿದುಬಿಡುತ್ತದೆ.

ಇನ್ನೊಂದು ಸಂಗತಿ. ಗಂಡಹೆಂಡಿರನ್ನು ಬೀಳ್ಕೊಡುವಾಗಲೂ ಸೀಲಿಯಳನ್ನು ಬೀಳ್ಕೊಡುವಾಗಲೂ ರೈಲಿ ಹೇಳುವ ಹರಕೆಯ ಮಾತು ಒಂದೇ. ಅದು ಬುದ್ಧನು ಪರಿನಿರ್ವಾಣಕಾಲದಲ್ಲಿ ಭಿಕ್ಷುಗಳಿಗೆ ಹೇಳಿದನೆಂದು ಮಹಾಪರಿನಿಬ್ಬಾನಸುತ್ತದಲ್ಲಿ ಬರುವ ಕೊನೆಯ ಉಪದೇಶದ ಆಂಗ್ಲರೂಪ. ಫಿಲಿಪ್ಪಿಯವರಿಗೆ ಸಂತ ಪೌಲನು ಬರೆದ ಪತ್ರದಲ್ಲಿಯೂ ಇದಕ್ಕೆ ಸಮೀಪದ ಮಾತೊಂದಿದೆ. ಆದರೆ ಅಲ್ಲಿರುವುದು ಭಯ ಮತ್ತು ನಡುಕ, ಇಲ್ಲಿರುವುದು ಅಪ್ರಮಾದ. ಎಲಿಯಟ್ ಬೌದ್ಧವಾಕ್ಯವನ್ನೇ ಆರಿಸಿಕೊಂಡದ್ದು ಅಜ್ಞಾನದಿಂದಲ್ಲ. ಹಾರ್ವರ್ಡಿನಲ್ಲಿ ಸಂಸ್ಕೃತವನ್ನೂ ಪಾಳಿಯನ್ನೂ ಓದಿದವನು ಅವನು. 1922ರ 'ದಿ ವೇಸ್ಟ್ ಲ್ಯಾಂಡ್' ಕಾವ್ಯದಲ್ಲಿ ಬುದ್ಧನ ಆದಿತ್ತಪರಿಯಾಯಕ್ಕೂ ಬೃಹದಾರಣ್ಯಕದ ಗುಡುಗಿಗೂ ಸ್ಥಾನ ಕೊಟ್ಟವನು. ಎರಡೂ ದಾರಿಯವರಿಗೆ ಒಂದೇ ಹರಕೆ ಎಂಬುದು ಎರಡೂ ದಾರಿ ಸಮಾನವೆಂಬ ಸಿದ್ಧಾಂತದ ಪುಷ್ಟಿಗಾಗಿ. ಸೀಲಿಯ ಹೊರಟುಹೋದ ಮೇಲೆ, ಇಂತಹವರಿಗೆ ಆ ಮಾತು ಹೇಳುವಾಗ ತಾನು ಹೇಳುತ್ತಿರುವುದೇನೆಂದು ತನಗೇ ತಿಳಿಯದೆಂದು ರೈಲಿ ಒಪ್ಪಿಕೊಳ್ಳುತ್ತಾನೆ. ಈ ಒಪ್ಪಿಗೆಯಲ್ಲಿ ಸಿದ್ಧಾಂತ ಬಿರುಕುಬಿಡುತ್ತದೆ. ಅವನಿಗೆ ತಿಳಿಯದ ದಾರಿ ಒಂದು, ತಿಳಿದ ದಾರಿ ಒಂದು ಎಂದಾದಮೇಲೆ, ಸಮಾನವೆಂದು ಅಳೆದವರು ಯಾರು?

ಮೂರನೆಯ ಅಂಕಕ್ಕೆ ಬಂದರೆ ಈ ಬಿರುಕು ಅಗಲವಾಗುತ್ತದೆ. ಸೀಲಿಯಳ ಸಾವನ್ನು ರಂಗದ ಮೇಲೆ ತೋರಿಸಿಲ್ಲ. ಅಲೆಕ್ಸ್ ವರದಿ ಮಾಡುತ್ತಾನೆ. ಇದರಲ್ಲಿ ಆಕ್ಷೇಪಿಸುವಂತಹದೇನೂ ಇಲ್ಲ. ಗ್ರೀಕರಲ್ಲಿ ದೂತ ಬಂದು ಹೇಳುತ್ತಾನೆ. ನಮ್ಮ ಲಾಕ್ಷಣಿಕರೂ ವಧೆಯನ್ನು ಅಂಕದಲ್ಲಿ ತೋರಿಸಬಾರದೆಂದು ವಿಧಿಸಿ, ಅಂತಹುದನ್ನು ವಿಷ್ಕಂಭ ಪ್ರವೇಶಕಗಳಿಗೆ ಬಿಟ್ಟಿದ್ದಾರೆ. ತೊಡಕಿರುವುದು ಆ ವರದಿಯ ಪೀಠಿಕೆಯಲ್ಲಿ. ಕಿಂಕಂಜ ಪೂರ್ವದೇಶದ ಒಂದು ಕಲ್ಪಿತ ದ್ವೀಪ, ಬಿಳಿಯರ ಆಡಳಿತದಲ್ಲಿರುವುದು. ಅಲ್ಲಿಯ ಬಹುಪಾಲು ಜನ ಮಂಗಗಳನ್ನು ಪೂಜ್ಯವೆಂದು ತಿಳಿದವರು, ಬೆಳೆ ಹಾಳಾದರೂ ಕೊಲ್ಲಲೊಲ್ಲರು. ಕ್ರೈಸ್ತರಾದವರು ಮಂಗಗಳನ್ನು ಹಿಡಿದು ತಿನ್ನುತ್ತಾರೆ. ಹೊರಗಿನಿಂದ ಬಂದ ಚಳವಳಿಗಾರರು ಇದರಿಂದ ಶಾಪ ತಟ್ಟಿತೆಂದು ಉಳಿದವರನ್ನು ಕೆರಳಿಸುತ್ತಾರೆ. ಅವರು ಮಂಗಗಳ ಬದಲು ಕ್ರೈಸ್ತರನ್ನೇ ತಿನ್ನತೊಡಗಿದರೆಂದು ಅಲೆಕ್ಸ್ ವಿನೋದವಾಗಿ ಹೇಳುತ್ತಾನೆ. ಮರಿಮಂಗದ ಮಾಂಸ ರುಚಿಯೆಂದು, ತಾನೇ ಬೇಯಿಸಿರುವೆನೆಂದು ಬೇರೆ ಸೇರಿಸುತ್ತಾನೆ.

ಇದನ್ನು ಎಡಿನ್‌ಬರೋದಲ್ಲಿ ಕುಳಿತು ಕೇಳುವುದು ಬೇರೆ, ಹನುಮಂತರಾಯನ ಗುಡಿಯಿಲ್ಲದ ಊರೇ ಇಲ್ಲದ ನಾಡಿನ ತರಗತಿಯಲ್ಲಿ ಕುಳಿತು ಓದುವುದು ಬೇರೆ. ಹಲವು ಅಧ್ಯಾಪಕರು ಈ ಭಾಗವನ್ನು ಲಘುಹಾಸ್ಯವೆಂದು ದಾಟಿಸಿಬಿಡುತ್ತಾರೆ. ದಾಟಿಸುವುದು ಸರಿಯಲ್ಲ. ನಮ್ಮ ಮನಸ್ಸು ನೋಯುತ್ತದೆಯೆಂಬ ಕಾರಣಕ್ಕಲ್ಲ. ನೋಯುವುದು ವಿಮರ್ಶೆಗೆ ಪ್ರಮಾಣವಾಗದು. ನಾಟಕದ ಕೇಂದ್ರವಾದ ಅರ್ಪಣೆಯ ಬೆಲೆಯೇ ಇದರ ಮೇಲೆ ನಿಂತಿರುವುದರಿಂದ. 1949ನೆಯ ಇಸವಿಯನ್ನು ನೆನೆಯಬೇಕು. ಭಾರತ, ಬರ್ಮ, ಸಿಂಹಳಗಳು ಆಗಷ್ಟೇ ಸ್ವತಂತ್ರವಾಗಿದ್ದುವು. ಆ ಕಾಲದಲ್ಲಿ, ಪೌರ್ವಾತ್ಯ ದ್ವೀಪವೊಂದರ ಜನರ ಅಸಮಾಧಾನವನ್ನು ಹೊರಗಿನ ಚಳವಳಿಗಾರರ ಕಿಡಿಗೇಡಿತನವೆಂದೂ, ಅವರ ಶ್ರದ್ಧೆಯನ್ನು ಮಂಗಗಳ ಮಾತೆಂದೂ ಚಿತ್ರಿಸಿದ ಲೇಖನಿ, ಬೌದ್ಧವಾಕ್ಯವನ್ನು ಅಷ್ಟು ಗೌರವದಿಂದ ರೈಲಿಯ ಬಾಯಲ್ಲಿಟ್ಟ ಲೇಖನಿಯೇ ಎಂದು ಆಶ್ಚರ್ಯವಾಗುತ್ತದೆ. ಗ್ರಂಥಗಳ ಪೂರ್ವದೇಶ ಎಲಿಯಟ್ಟನಿಗೆ ಗೊತ್ತು. ಜನರ ಪೂರ್ವದೇಶ ಗೊತ್ತಿಲ್ಲ.

ಪರಿಣಾಮವೇನಾಯಿತು? ಸೀಲಿಯಳನ್ನು ಕೊಂದವರಿಗೆ ಮುಖವಿಲ್ಲ. ಕ್ರಿಸ್ತನ ಕಥೆಯಲ್ಲಿ ಪಿಲಾತನಿಗೆ ಮುಖವಿದೆ, ಯೂದನಿಗೆ ಇದೆ, ಜೊತೆಯಲ್ಲಿ ಶಿಲುಬೆಗೇರಿದ ಕಳ್ಳರಿಗೂ ಇದೆ. ಕೊಲ್ಲುವವರಿಗಾಗಿ ಕ್ಷಮೆ ಬೇಡುವ ಪ್ರಸಂಗವೇ ಅಲ್ಲಿ ಮುಖ್ಯವಾದುದು. ಕೊಲ್ಲುವವರು ಮನುಷ್ಯರೆಂದು ನಾವು ಒಪ್ಪಿದಾಗ ಮಾತ್ರ ಅವರ ಕೈಯಲ್ಲಿ ಸಾಯುವುದು ಅರ್ಪಣೆಯಾದೀತು. ಇಲ್ಲವಾದರೆ ಅದು ಅಪಘಾತ, ಕಾಡುಮೃಗದ ಬಾಯಿಗೆ ಬಿದ್ದಂತೆ. 'ಮರ್ಡರ್ ಇನ್ ದಿ ಕೆಥೀಡ್ರಲ್' ನಾಟಕದಲ್ಲಿ ಆರ್ಚ್‌ಬಿಷಪ್ ಥಾಮಸನು ತನ್ನ ಕ್ರಿಸ್‌ಮಸ್ ಪ್ರವಚನದಲ್ಲಿ, ಹುತಾತ್ಮತ್ವ ಎಂದೂ ಆಕಸ್ಮಿಕವಲ್ಲ, ಮನುಷ್ಯನು ಯೋಜಿಸಿ ಪಡೆಯುವುದೂ ಅಲ್ಲ ಎಂಬ ನಿಲುವನ್ನು ತಾಳುತ್ತಾನೆ. ಆ ಅಳತೆಗೋಲನ್ನೇ ಇಲ್ಲಿ ಹಿಡಿದರೆ ಸೀಲಿಯಳ ಸಾವು ಆಕಸ್ಮಿಕಕ್ಕೆ ತೀರ ಹತ್ತಿರವಾಗಿ ಕಾಣುತ್ತದೆ. ಥಾಮಸನನ್ನು ಕೊಲ್ಲುವ ನಾಲ್ವರು ಸರದಾರರು ಪ್ರೇಕ್ಷಕರತ್ತ ತಿರುಗಿ ಗದ್ಯದಲ್ಲಿ ತಮ್ಮ ಕೃತ್ಯವನ್ನು ಸಮರ್ಥಿಸಿಕೊಳ್ಳುತ್ತಾರೆ; ಆ ಸಮರ್ಥನೆ ಎಷ್ಟು ಸುಸಂಬದ್ಧವೆಂದರೆ ಕೇಳುವವನು ಅರೆಗಳಿಗೆ ಒಪ್ಪಿಬಿಡುತ್ತಾನೆ. ಅಲ್ಲಿ ಕೊಲೆಗಾರರು ನಮ್ಮವರು, ನಾವೇ. ಹದಿನಾಲ್ಕು ವರ್ಷಗಳ ಅನಂತರ ಅದೇ ಕವಿ ಕೊಲೆಗಾರರನ್ನು ಸಮುದ್ರದಾಚೆಗೆ ಸಾಗಿಸಿಬಿಟ್ಟ. ಕ್ಷೇಮೇಂದ್ರನು ಔಚಿತ್ಯವನ್ನು ಕಾವ್ಯದ ಜೀವಿತವೆಂದಿದ್ದಾನಷ್ಟೆ. ಇಲ್ಲಿ ಭಂಗವಾದುದು ಅದು. ಅಲಂಕಾರದ ಔಚಿತ್ಯವಲ್ಲ, ದೇಶದ ಔಚಿತ್ಯ.

ಇದಕ್ಕೆ ಒಂದು ಸಮಾಧಾನವುಂಟು, ಅದನ್ನು ಹೇಳದಿದ್ದರೆ ನಾಟಕಕ್ಕೆ ಅನ್ಯಾಯವಾದೀತು. ಆ ವರದಿಯ ಲಘುತ್ವ ಪಾನಗೋಷ್ಠಿಯ ಲಘುತ್ವ; ಮಂಗಗಳ ವಿನೋದದಿಂದ ನಕ್ಕ ಪ್ರೇಕ್ಷಕನ ನಗು ಸೀಲಿಯಳ ಹೆಸರು ಬಂದೊಡನೆ ಗಂಟಲಲ್ಲಿ ಸಿಕ್ಕಿಕೊಳ್ಳಬೇಕೆಂಬುದೇ ಕವಿಯ ಉದ್ದೇಶ ಎನ್ನಬಹುದು. ರಂಗದ ಮೇಲೆ ಇದು ಫಲಿಸುತ್ತದೆಂಬುದನ್ನು ಒಪ್ಪಬೇಕು. ಆದರೂ, ನಗಿಸಿದ್ದು ಯಾರನ್ನು ಕುರಿತು ಎಂಬ ಪ್ರಶ್ನೆ ಹಾಗೆಯೇ ನಿಲ್ಲುತ್ತದೆ.

ಮುಖ್ಯವಾಗಿ, ಈ ಶಿಲುಬೆಯ ಗದ್ದಲದಲ್ಲಿ ಸೀಲಿಯಳ ನಿಜವಾದ ಅರ್ಪಣೆ ಮರೆಯಾಗುತ್ತದೆ. ಅಲೆಕ್ಸನ ವರದಿಯಲ್ಲಿಯೇ ಅದಿದೆ, ಒಂದೆರಡು ಸಾಲುಗಳಲ್ಲಿ. ಹಳ್ಳಿಯಲ್ಲಿ ಪ್ಲೇಗು. ದಾದಿಯರು ಮೂವರು. ಬಂಡಾಯ ಹತ್ತಿರವಾಗುತ್ತಿದೆಯೆಂದು ಗೊತ್ತಿತ್ತು. ಸಾಯುತ್ತಿರುವವರನ್ನು ಬಿಟ್ಟು ಹೋಗಲು ಅವರು ಒಪ್ಪಲಿಲ್ಲ. ಇಷ್ಟೇ. ಹುತ್ತಕ್ಕಿಂತ, ಇರುವೆಗಿಂತ, ಶಿಲುಬೆಗಿಂತ ಇದು ದೊಡ್ಡದು. ಉಳಿಯುವ ಆಸೆಯಿಲ್ಲದ ರೋಗಿಯ ಬಾಯಿಗೆ ನೀರು ಬಿಡುವುದರಿಂದ ಲೋಕಕ್ಕೆ ಯಾವ ಲಾಭವೂ ಇಲ್ಲ, ಮಾಡಿದವರಿಗೆ ಕೀರ್ತಿಯೂ ಇಲ್ಲ. ಸಾವು ಯಾರಿಗಾಗಿ ಎಂಬ ಹಿಂದಿನ ಪ್ರಶ್ನೆಗೆ ಉತ್ತರವಿರುವುದಾದರೆ ಇಲ್ಲಿ ಇದೆ: ಯಾರಿಗಾಗಿಯೂ ಸಾಯದೆ, ಸಾಯುವವರ ಜೊತೆಗೆ ಇರುವುದು. ಕ್ರೈಸ್ತಸೇವೆಯ ಇತಿಹಾಸದಲ್ಲಿ ಇದಕ್ಕೆ ನಿದರ್ಶನಗಳು ಹೇರಳ. ನಮ್ಮ ಕರಾವಳಿಯವರಿಗೆ ದೂರ ಹೋಗಬೇಕಾಗಿಲ್ಲ. ಜರ್ಮನಿಯ ಜೆಸ್ವಿಟ್ ಪಾದ್ರಿ ಅಗಸ್ಟಸ್ ಮುಲ್ಲರರು 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಹೋಮಿಯೋಪಥಿ ಔಷಧ ಹಂಚುವುದರಿಂದ ಆರಂಭಿಸಿ, 1890ರಲ್ಲಿ ಕುಷ್ಠರೋಗಿಗಳಿಗೊಂದು ಆಶ್ರಯವನ್ನು ಕಟ್ಟಿದರು. ಅವರನ್ನು ಯಾರೂ ಶಿಲುಬೆಗೇರಿಸಲಿಲ್ಲ. ನಾಟಕಕಾರನಿಗೆ ಇಂತಹ ಬಾಳಿನಲ್ಲಿ ಅಂಕದ ಪರದೆ ಬೀಳಿಸುವ ಕ್ಷಣ ಸಿಕ್ಕುವುದಿಲ್ಲವೆಂಬುದು ನಿಜ. ಎಲಿಯಟ್ಟನ ಕಷ್ಟವೂ ಅದೇ ಇರಬೇಕು: ದಾದಿಯ ದಿನಚರಿ ಪ್ರೇಕ್ಷಕನ ಎದೆಗೆ ನಾಟಲಾರದೆಂಬ ಶಂಕೆಯಿಂದ ಅವನು ಶಿಲುಬೆಯನ್ನು ತಂದ.

ಇನ್ನು ಮೊದಲನೆಯ ದಾರಿಯ ವಿಚಾರ. ಅಮೆರಿಕದ ವಿಮರ್ಶಕ ಲಯೊನೆಲ್ ಟ್ರಿಲ್ಲಿಂಗ್, ವರ್ಡ್ಸ್‌ವರ್ತನನ್ನೂ ಯೆಹೂದ್ಯ ರಬ್ಬಿಗಳನ್ನೂ ಕುರಿತು ಬರೆದ ಪ್ರಬಂಧದಲ್ಲಿ ಈ ನಾಟಕವನ್ನು ಪ್ರಸ್ತಾಪಿಸಿ, ಇದರಲ್ಲಿ ಸಾಮಾನ್ಯ ಸಂಸಾರಜೀವನಕ್ಕೆ ಜೀವಕಳೆಯೇ ಇಲ್ಲವೆಂದು ಆಕ್ಷೇಪಿಸಿದ್ದಾನೆ. ಎರಡನೆಯ ಅಂಕದಲ್ಲಿ ರೈಲಿ ಆ ಜೀವನವನ್ನು ಬಣ್ಣಿಸುವ ಮಾತುಗಳನ್ನು ಮಾತ್ರ ನೋಡಿದರೆ ಆಕ್ಷೇಪ ಸರಿಯೆ. ಅಲ್ಲಿ ಮದುವೆಯೆಂದರೆ, ಒಬ್ಬರನ್ನೊಬ್ಬರು ಅರಿಯಲಾರೆವೆಂದು ಅರಿತ ಇಬ್ಬರು ಬೆಂಕಿಯ ಮುಂದೆ ಕೂರುವುದು. ಗೃಹಸ್ಥಾಶ್ರಮವೇ ಉಳಿದ ಮೂರಕ್ಕೂ ಆಧಾರವೆಂದು ಸ್ಮೃತಿಗಳಲ್ಲಿ ಓದಿದ ನಮಗೆ ಇದು ಬಹಳ ಬಡವಾದ ಚಿತ್ರವೆನಿಸುವುದು ಸಹಜ. ಆದರೆ ಟ್ರಿಲ್ಲಿಂಗನು ಮೂರನೆಯ ಅಂಕದ ಮೊದಲ ಪುಟಗಳಿಗೆ ತಕ್ಕ ಬೆಲೆ ಕೊಡಲಿಲ್ಲವೆಂದು ನನ್ನ ಅಭಿಪ್ರಾಯ. ಜುಲೈ ತಿಂಗಳ ಒಂದು ಸಂಜೆ. ಅತಿಥಿಗಳು ಇನ್ನೂ ಬಂದಿಲ್ಲ. ಎಡ್ವರ್ಡ್ ಕಚೇರಿಯಿಂದ ಬರುತ್ತಾನೆ. ನೀನು ದಣಿದಿದ್ದೀಯೆ, ಸ್ವಲ್ಪ ಮಲಗು ಎಂದು ಹೆಂಡತಿಗೆ ಹೇಳುತ್ತಾನೆ. ಉಟ್ಟ ಉಡುಪು ಚೆನ್ನಾಗಿದೆಯೆನ್ನುತ್ತಾನೆ. ಗೋಷ್ಠಿಗೆ ಮುಂಚೆ ನೀವು ಹೀಗೆ ಮೆಚ್ಚಿಕೆಯ ಮಾತಾಡಿದ್ದು ಇದೇ ಮೊದಲು, ಬೇಕಾಗಿರುವುದೂ ಮುಂಚೆಯೇ ಎಂಬಂತೆ ಅವಳ ಪ್ರತ್ಯುತ್ತರ. ಮೊದಲ ಅಂಕದಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರು ಆಯುಧವಾಗಿ ಹಿಡಿದಿದ್ದವರು ಇವರೇ. ಯಾರನ್ನೂ ಪ್ರೀತಿಸಲಾರದವನೆಂದು ವೈದ್ಯನಿಂದ ಹೇಳಿಸಿಕೊಂಡ ಮನುಷ್ಯ ಹೆಂಡತಿಯ ದಣಿವನ್ನು ಗಮನಿಸಲು ಕಲಿತಿದ್ದಾನೆ. ತನ್ನ ಮೇಲೆ ಮಾತ್ರ ನೆಟ್ಟಿದ್ದ ಕಣ್ಣನ್ನು ಒಂದಂಗುಲ ಅತ್ತ ತಿರುಗಿಸಲು ಅವನಿಗೆ ಎರಡು ವರ್ಷ ಹಿಡಿದಿದೆ. ಲೂಕನ 'ದಿನದಿನವೂ' ಎಂಬ ಪದಕ್ಕೆ ನಾಟಕದಲ್ಲಿ ಭಾಷ್ಯವಿರುವುದು ಇಲ್ಲಿಯೇ. ಆದರೆ ಕವಿ ಅದನ್ನು ಪೀಠಿಕೆಯಾಗಿ ಮಾತ್ರ ಬಳಸಿ, ಅಲೆಕ್ಸ್ ಕಾಲಿಟ್ಟೊಡನೆ ಕೈಬಿಡುತ್ತಾನೆ. ಮೂರನೆಯ ಅಂಕ ನಿಜವಾಗಿ ಅಂಕವೋ ಉಪಸಂಹಾರವೋ ಎಂಬ ಅನುಮಾನ ಎಲಿಯಟ್ಟನಿಗೇ ಇತ್ತೆಂಬುದು ಮೇಲೆ ಹೇಳಿದ ಉಪನ್ಯಾಸದಿಂದ ತಿಳಿದುಬರುತ್ತದೆ.

ಸೀಲಿಯಳನ್ನು ಗೀತೆಯ ಕರ್ಮಯೋಗಿಗೆ ಹೋಲಿಸುವುದು ನಮ್ಮ ಕಾಲೇಜುಗಳಲ್ಲಿ ವಾಡಿಕೆಯಾಗಿದೆ. 'ದಿ ಡ್ರೈ ಸಾಲ್ವೇಜಸ್' ಕವನದಲ್ಲಿ ಕೃಷ್ಣನ ಹೆಸರೇ ಬಂದಿರುವುದರಿಂದ ಈ ಹೋಲಿಕೆಗೆ ಆಧಾರವಿಲ್ಲವೆನ್ನಲಾಗದು. ಥಾಮಸನ ನಾಲ್ಕನೆಯ ಪ್ರಲೋಭಕ ಅವನಲ್ಲಿ ಎಚ್ಚರಿಸುವ ಹುತಾತ್ಮಕೀರ್ತಿಯ ಆಸೆಯನ್ನು ಫಲಾಸಕ್ತಿಯೆಂದು ವಿವರಿಸಿದರೆ ವಿದ್ಯಾರ್ಥಿಗೆ ಬೇಗ ತಿಳಿಯುತ್ತದೆ. ಆದರೆ ಅರ್ಜುನನಿಗೆ ಸ್ವಧರ್ಮ ಮೊದಲೇ ಗೊತ್ತಾದದ್ದು. ಅದನ್ನು ಬಿಡಬಾರದೆಂಬುದೇ ಅಲ್ಲಿಯ ವಾದ. ಸೀಲಿಯಳಿಗೆ ಹಾಗೆ ಗೊತ್ತಾದ ಧರ್ಮವಿಲ್ಲ, ವರ್ಣವಿಲ್ಲ, ಆಶ್ರಮವಿಲ್ಲ. ಅವಳ ವರ್ಗದ ಲಂಡನ್ನಿನ ಹೆಣ್ಣಿಗೆ ಇರುವುದು ಗೋಷ್ಠಿಗಳು ಮಾತ್ರ. ಆ ಶೂನ್ಯದಿಂದ ಅವಳು ಹೊರಡುತ್ತಾಳೆ. ಕನ್ನಡದಲ್ಲಿ ಕ್ರಿಸ್ತನ ಕೊನೆಯ ದಿನವನ್ನು 'ಗೊಲ್ಗೊಥಾ' ಎಂಬ ಖಂಡಕಾವ್ಯದಲ್ಲಿಯೂ ಬುದ್ಧನ ಕೊನೆಯನ್ನು 'ವೈಶಾಖಿ'ಯಲ್ಲಿಯೂ ಹಾಡಿದ ಗೋವಿಂದ ಪೈಗಳು ಆ ಎರಡು ಮರಣಗಳನ್ನು ಅವುಗಳ ಸ್ವಂತ ದೇಶಕಾಲಗಳಲ್ಲಿಯೇ ಇಟ್ಟರು. ಒಂದರ ಬಣ್ಣವನ್ನು ಇನ್ನೊಂದಕ್ಕೆ ಬಳಿಯಲಿಲ್ಲ. ತೌಲನಿಕ ವಿಮರ್ಶೆಗೆ ಹೊರಟವರು ಆ ಕವಿಯ ಸಂಯಮವನ್ನು ಗಮನದಲ್ಲಿಟ್ಟುಕೊಳ್ಳಬಹುದು.

ಸಾವಿನ ವಾರ್ತೆಯನ್ನು ಕೇಳಿದಾಗ ರೈಲಿಯ ಮುಖದಲ್ಲಿ ಬೆದರಿಕೆಯಿಲ್ಲ, ತೃಪ್ತಿಯಿದೆಯೆಂದು ಲವಿನಿಯ ಗುರುತಿಸುತ್ತಾಳೆ. ಅವಳನ್ನು ಮೊದಲ ಬಾರಿ ಕಂಡಾಗಲೇ ಅವಳ ಬೆನ್ನ ಹಿಂದೆ ದಾರುಣಮರಣದ ಛಾಯೆಯೊಂದನ್ನು ಕಂಡೆನೆಂದು ಅವನು ಹೇಳಿ, ಶೆಲ್ಲಿಯ 'ಪ್ರೊಮೀಥಿಯಸ್ ಅನ್‌ಬೌಂಡ್' ಕೃತಿಯ ಸಾಲುಗಳನ್ನು ಪಠಿಸುತ್ತಾನೆ. ಈ ಸರ್ವಜ್ಞತೆ ನನಗೆ ರುಚಿಸುವುದಿಲ್ಲ. ಎರಡನೆಯ ಅಂಕದಲ್ಲಿ ತನಗೆ ತಿಳಿಯದೆಂದವನ ವಿನಯವನ್ನು ಅದು ಅಳಿಸಿಹಾಕುತ್ತದೆ. ಆಗ ಮಾತಾಡುವವನು ಎಡ್ವರ್ಡ್. ಸೀಲಿಯಳ ಮಟ್ಟಿಗೆ ಇದು ಸರಿಯೆನ್ನುವುದಾದರೆ ಬೇರೆಲ್ಲಿಯೋ ಏನೋ ಘೋರವಾಗಿ ತಪ್ಪಿರಬೇಕು, ಆ ತಪ್ಪಿನಲ್ಲಿ ನಮಗೆಲ್ಲರಿಗೂ ಪಾಲಿರಬೇಕು ಎಂದು ಅವನು ತೊದಲುತ್ತಾನೆ. ಸೀಲಿಯಳ 'ಪಾಪದ ಅರಿವು' ಎಂಬುದು ಈಗ ಎಡ್ವರ್ಡನಿಗೆ ದಾಟಿದೆ. ಆ ಅರಿವನ್ನು ಹೊತ್ತುಕೊಂಡೇ ಅವನು ಇನ್ನು ಐದು ನಿಮಿಷಕ್ಕೆ ನಗುಮುಖದಿಂದ ಬಾಗಿಲಲ್ಲಿ ನಿಲ್ಲಬೇಕು. ಸೀಲಿಯಳ ಆಯ್ಕೆಗೆ ಫಲ ಕಿಂಕಂಜ, ಚೇಂಬರ್ಲೇನರ ಆಯ್ಕೆಗೆ ಫಲ ಈ ಪಾನಗೋಷ್ಠಿ ಎಂದು ಜೂಲಿಯ ನೆನಪಿಸುತ್ತಾಳೆ. ರಕ್ಷಕರು ಮೂವರೂ ಬೇರೊಂದು ಮನೆಗೆ ಹೊರಟುಹೋಗುತ್ತಾರೆ. ಗಂಡಹೆಂಡಿರು ಬಟ್ಟೆ ಸರಿಪಡಿಸಿಕೊಂಡು ನಿಲ್ಲುತ್ತಾರೆ. ಬಾಗಿಲ ಗಂಟೆ ಬಾರಿಸುತ್ತದೆ. ಲವಿನಿಯ, ಸದ್ಯ ಶುರುವಾಯಿತಲ್ಲ ಎಂಬ ಭಾವದಿಂದ ಉಸಿರುಬಿಡುತ್ತಾಳೆ. ಪರದೆ ಬೀಳುವುದು ಕಿಂಕಂಜದ ಮೇಲಲ್ಲ, ಈ ಗಂಟೆಯ ಸದ್ದಿನ ಮೇಲೆ.